ಶನಿವಾರದ ಗುಂಪಿನ ಕ್ಲಚ್ಚಕ್ಕ

ಮನೆಯವರನ್ನು ಬಿಟ್ಟರೆ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಊರಿಗೆಲ್ಲ ಅವಳು ಕ್ಲಚ್ಚಕ್ಕ. ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು, ಮೊದಲು ಕ್ಲಚ್ಚು" ಎಂದು ವರ್ಷಗಟ್ಟಲೆ ಹೇಳಿ ಸಂಪಾದಿಸಿದ ಹೆಸರು ಅದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು, ಕೊನೆಕೊನೆಗೆ ಅವಳೇ ಫೋನೆತ್ತಿ "ಕ್ಲಚ್ಚಕ್ಕ ಮಾತಾಡ್ತಿರೋದು" ಎನ್ನುವವರೆಗೂ ಬಂತು.

ಅವಳ ಅಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದರು. ರಜೆಯ ದಿನ ಖಾಲಿ ವ್ಯಾನಿನಲ್ಲಿ ಮಗಳನ್ನು ಕೂರಿಸಿ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಸುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಸ್ಟೀರಿಂಗ್ ಕಂಡರೆ ಆಗುತ್ತಿರಲಿಲ್ಲ. ಚಿಕ್ಕವಳು ಮಾತ್ರ ಇಳಿ ಎಂದರೂ ಇಳಿಯುತ್ತಿರಲಿಲ್ಲ. ಮದುವೆಯಾಗಿ, ಮಗಳು ಹುಟ್ಟಿ, ಅವಳು ಶಾಲೆಗೆ ಹೋಗತೊಡಗಿದ ಮೇಲೆ ಕ್ಲಚ್ಚಕ್ಕ ಒಂದು ಡ್ರೈವಿಂಗ್ ಶಾಲೆಗೆ ಕೆಲಸಕ್ಕೆ ಸೇರಿದಳು. ಹೆಂಗಸರು ಹೆಂಗಸರ ಹತ್ತಿರವೇ ಕಲಿಯಲು ಇಷ್ಟಪಡುತ್ತಿದ್ದರಿಂದ ಅವಳ ಕಾರು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ.

ಕಾರು ಕಲಿಸುವವರು ಎಂದರೆ ಗುಂಡಿಗೆ ಗಟ್ಟಿ ಇರುವವರು ಎಂದು ಜನ ಅಂದುಕೊಳ್ಳುತ್ತಾರೆ. ಇವಳ ವಿಷಯದಲ್ಲಿ ಅದು ಸುಳ್ಳು. ಮಹಾ ಪುಕ್ಕಲು. ಕಾರು ನಿಲ್ಲಿಸಿ ಹತ್ತು ಹೆಜ್ಜೆ ಹೋದವಳು ಹ್ಯಾಂಡ್‌ಬ್ರೇಕ್ ಎಳೆದಿದ್ದೇನೋ ಇಲ್ಲವೋ ಎಂದು ವಾಪಸು ಬಂದು ಇಣುಕಿ ನೋಡುವಳು. ಮನೆಯಿಂದ ಹೊರಟರೆ ಬಾಗಿಲ ಬೀಗವನ್ನು ಜಗ್ಗುವಳು, ಮತ್ತೆ ಜಗ್ಗುವಳು. ಆದರೆ ಆ ಪುಕ್ಕಲುತನವೇ ಅವಳನ್ನು ಒಳ್ಳೆಯ ಮೇಡಂ ಮಾಡಿತ್ತು. ಅವಳ ಪಾದದ ಕೆಳಗೆ ಎರಡನೇ ಬ್ರೇಕ್ ಒಂದಿತ್ತು. ಏನಾಗಿಬಿಡುತ್ತದೋ ಎಂದು ಕಲಿಯುವವರಿಗಿಂತ ಮೊದಲೇ ಹೆದರಿಕೊಂಡು ಅದನ್ನು ಒತ್ತಿಬಿಡುತ್ತಿದ್ದಳು.

ಒಂದು ದಿನ ಮಾತ್ರ ಅವಳಿಗಿಂತ ಮೊದಲು ಕಲಿಯುವವರೇ ಒತ್ತಿದರು. ಔಷಧದಂಗಡಿಯ ಯಜಮಾನತಿ, ಅರುವತ್ತು ಹತ್ತಿರವಾದ ಮೇಲೆ ಕಾರು ಕಲಿಯುವ ಹಟ ತೊಟ್ಟವರು. ರಸ್ತೆಗೆ ಅಡ್ಡ ಬಂದ ಬೆಕ್ಕು ನೋಡಿ ಬ್ರೇಕಿನ ಮೇಲೆ ಎದ್ದು ನಿಂತರು ಎಂದೇ ಹೇಳಬೇಕು. ಬೆಕ್ಕು ಉಳಿಯಿತು. ಸೀಟ್ ಬೆಲ್ಟು ಕ್ಲಚ್ಚಕ್ಕನ ಎದೆಯನ್ನು ಹಿಡಿದೆಳೆಯಿತು; ಮನೆಗೆ ಹೋಗಿ ನೋಡಿಕೊಂಡರೆ ಅಲ್ಲಿ ನೀಲಿಗಟ್ಟಿತ್ತು. ನೋವಿರುವ ಕಡೆ ಮುಲಾಮು ಹಚ್ಚುತ್ತಿದ್ದಾಗ ಬೆರಳಿಗೆ ಒಂದು ಗಂಟು ಸಿಕ್ಕಿತು. ಪೆಟ್ಟಿನ ಗಂಟು, ಇಳಿಯುತ್ತದೆ ಎಂದುಕೊಂಡಳು. ನೀಲಿ ಹಳದಿಯಾಯಿತು, ಹಳದಿ ಮಾಯವಾಯಿತು, ಗಂಟು ಇದ್ದಲ್ಲೇ ಇತ್ತು.

ಆಗ ಶುರುವಾಯಿತು ಅವಳ ಕೈಯ ಕಾಟ. ಸಿಗ್ನಲ್ಲಿನಲ್ಲಿ ನಿಂತರೆ ಕೈ ಅಲ್ಲಿಗೆ ಹೋಗುತ್ತಿತ್ತು. ಸ್ನಾನದ ಮನೆಯಲ್ಲಿ ಹೋಗುತ್ತಿತ್ತು. ಬಟ್ಟೆ ಒಣಹಾಕುವಾಗ ಅರ್ಧಕ್ಕೆ ಬಿಟ್ಟು ಹೋಗುತ್ತಿತ್ತು. ಚಿಕ್ಕದಾಗಿದೆ ಎಂದು ಬೆಳಿಗ್ಗೆ ಅನಿಸಿದರೆ ಮಧ್ಯಾಹ್ನ ದೊಡ್ಡದಾಗಿದೆ ಅನಿಸುತ್ತಿತ್ತು. ಕೊನೆಗೆ ಕಾರು ಓಡಿಸುತ್ತಿದ್ದ ಕಾಲೇಜು ಹುಡುಗಿಯೊಬ್ಬಳು "ಮೇಡಂ, ಎದೆ ನೋವಾ?" ಎಂದು ಕೇಳಿದಾಗ ಅವಳಿಗೆ ನಾಚಿಕೆಯೂ ಭಯವೂ ಒಟ್ಟಿಗೆ ಬಂತು. ಅವತ್ತೇ ಗಂಡನಿಗೆ ಹೇಳಿದಳು.

ಗಂಡ ಫ್ರಿಜ್ ರಿಪೇರಿ ಮಾಡುವವನು. ಮನೆಯ ಮುಂಭಾಗದಲ್ಲೇ ವರ್ಕ್‌ಶಾಪು. ಮಾತು ಕಡಿಮೆ. ಮರುದಿನ ಅಂಗಡಿಯ ಶಟರ್ ಎತ್ತದೆ ಅವಳ ಜೊತೆ ಆಸ್ಪತ್ರೆಗೆ ಬಂದ. ಸ್ಕ್ಯಾನು, ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ, ಕಾಯುವುದು, ಮತ್ತೆ ಕಾಯುವುದು. ಕೊನೆಗೆ ಸರ್ಜನ್ ಮೇಡಂ ಬಾಗಿಲು ಮುಚ್ಚಿ ಕೂತರು. ಸ್ತನ ಕ್ಯಾನ್ಸರ್. ಬೇಗ ಸಿಕ್ಕಿದೆ. ಬೆಲ್ಟಿನ ಪೆಟ್ಟಿನಿಂದ ಬಂದದ್ದಲ್ಲ. ಮೊದಲೇ ಇತ್ತು, ಪೆಟ್ಟಿನ ನೆಪದಲ್ಲಿ ಕೈಗೆ ಸಿಕ್ಕಿತು ಅಷ್ಟೆ. ಈ ಮಾತನ್ನು ಕ್ಲಚ್ಚಕ್ಕ ಹೊರಗೆ ಬಂದ ಕೂಡಲೇ ಔಷಧದಂಗಡಿಯವರಿಗೆ ಫೋನು ಮಾಡಿ ತಿಳಿಸಿದಳು, ಪಾಪ, ಅವರು ಅದನ್ನೇ ಮನಸ್ಸಿಗೆ ಹಚ್ಚಿಕೊಂಡಾರು ಎಂದು.

ಅವಳಿಗೆ ಕಾಯಿಲೆಯ ಹೆಸರಿಗಿಂತ ಹೆಚ್ಚು ದಿಗಿಲು ಹುಟ್ಟಿಸಿದ್ದು ಸರ್ಜನ್ ಆಮೇಲೆ ಹೇಳಿದ ಮಾತು. ಎರಡು ದಾರಿ ಇವೆ ಎಂದರು. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಆಮೇಲೆ ಕೆಲವು ವಾರ ದಿನಾ ರೇಡಿಯೇಷನ್ ಕೊಡುವುದು ಒಂದು. ಇಡೀ ಸ್ತನವನ್ನೇ ತೆಗೆಯುವುದು ಇನ್ನೊಂದು. ಆಗ ಅವಳಂಥವರಿಗೆ ರೇಡಿಯೇಷನ್ ಬಹುಶಃ ಬೇಕಾಗಲಿಕ್ಕಿಲ್ಲ, ಅದು ಕಂಕುಳಿನ ಗ್ರಂಥಿಗಳ ಪರೀಕ್ಷೆ ನೋಡಿ ಗೊತ್ತಾಗುತ್ತದೆ. ಯಾವುದನ್ನು ಮಾಡಿದರೂ ಅವಳ ಆಯುಸ್ಸಿಗೆ ವ್ಯತ್ಯಾಸವಿಲ್ಲ, ಎರಡರಲ್ಲೂ ಮಾತ್ರೆ ವರ್ಷಗಟ್ಟಲೆ ತಪ್ಪಿದ್ದಲ್ಲ. ಯೋಚಿಸಿ, ಮನೆಯಲ್ಲಿ ಮಾತಾಡಿ, ನೀವೇ ತೀರ್ಮಾನ ಮಾಡಿ ಎಂದರು.

ನೀವೇ ಹೇಳಿಬಿಡಿ ಮೇಡಂ ಎಂದು ಕ್ಲಚ್ಚಕ್ಕ ಗೋಗರೆದಳು. ಒಂದೇ ದಾರಿ ಸರಿ ಎಂದಿದ್ದರೆ ಖಂಡಿತ ಹೇಳುತ್ತಿದ್ದೆ, ಇಲ್ಲಿ ಎರಡೂ ಸರಿ ಇರುವುದರಿಂದಲೇ ಕೇಳುತ್ತಿದ್ದೇನೆ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಎರಡೂ ಸರಿ ಎಂಬ ಮಾತು ಅವಳಿಗೆ ಎರಡೂ ತಪ್ಪು ಎಂದಂತೆ ಕೇಳಿಸಿತು.

ಮನೆಗೆ ಬಂದು ಗಂಡನನ್ನು ಕೇಳಿದರೆ "ನಿಂಗೆ ಯಾವುದು ಸರಿ ಅನ್ಸುತ್ತೋ ಅದು" ಎಂದ. ಮೊದಲ ಸಲ ಕೇಳಿದಾಗ ಅದು ಪ್ರೀತಿಯ ಮಾತಾಗಿ ಕಂಡಿತು. ನಾಲ್ಕನೇ ಸಲ ಅದೇ ಮಾತು ಬಂದಾಗ ಕೈಯಲ್ಲಿದ್ದ ಲೋಟವನ್ನು ಅವನ ತಲೆಗೆ ಎಸೆಯುವಷ್ಟು ಸಿಟ್ಟು ಬಂತು. ಅಕ್ಕನದು ಇನ್ನೊಂದು ಅತಿರೇಕ. ಅವಳು ಯಾವ ವಿಷಯಕ್ಕೂ ಎರಡು ನಿಮಿಷ ತೆಗೆದುಕೊಂಡವಳಲ್ಲ. ಸುದ್ದಿ ಕೇಳಿದವಳೇ ಚಪ್ಪಲಿ ಬಿಚ್ಚುವ ಮೊದಲೇ ತೀರ್ಪು ಕೊಟ್ಟಳು.

"ಪೂರ್ತಿ ತೆಗೆಸಿಬಿಡು. ಇಟ್ಕೊಂಡು ಏನ್ ಮಾಡ್ತೀಯ? ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕಾಗಿದೆ?"

ಹಳೆಯ ಬೀರು ಹೊರಗೆ ಹಾಕಿಸುವವಳ ಹಾಗೆ ಅಕ್ಕ ಮಾತಾಡಿದಳು. ಅಲ್ಲಿಯವರೆಗೆ ಪೂರ್ತಿ ತೆಗೆಸುವ ಯೋಚನೆಯೂ ಕ್ಲಚ್ಚಕ್ಕನ ಮನಸ್ಸಿನಲ್ಲಿತ್ತು. ಅಕ್ಕ ಹೇಳಿದಳು ಎಂಬ ಒಂದೇ ಕಾರಣಕ್ಕೆ ಅದು ಬೇಡವೆನಿಸತೊಡಗಿತು. ಕಾಲೇಜಿಗೆ ಹೋಗುವ ಮಗಳು ಮಾತ್ರ ಅಮ್ಮನ ಪಕ್ಕ ಬಂದು ಕೂತು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದಳು. ಓದಿದಷ್ಟೂ ಇಬ್ಬರ ಮುಖವೂ ಬಿಳಿಚಿಕೊಂಡಿತು. ಕೊನೆಗೆ ಮಗಳೇ ಮೊಬೈಲನ್ನು ಮಗುಚಿ ಇಟ್ಟಳು.

ಶನಿವಾರದ ಗುಂಪಿನ ವಿಷಯ ಹೇಳಿದ್ದು ಆಸ್ಪತ್ರೆಯ ನರ್ಸು. ಈ ಕಾಯಿಲೆ ಆದವರು, ಆಗಿ ಹೋದವರು, ಆಗುತ್ತಿರುವವರು ವಾರಕ್ಕೊಮ್ಮೆ ವ್ಯಾಯಾಮದ ಕೋಣೆಯಲ್ಲಿ ಸೇರುತ್ತಾರೆ, ಒಮ್ಮೆ ಬಂದು ಕೂತುಕೊಳ್ಳಿ ಎಂದರು. ಕ್ಲಚ್ಚಕ್ಕ ಹೋದಾಗ ನಾಲ್ಕೈದು ಹೆಂಗಸರು ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ನಿಧಾನವಾಗಿ ಮೇಲಕ್ಕೆ ನಡೆಸುತ್ತಿದ್ದರು. ಆಪರೇಷನ್ನಾದ ಕಡೆಯ ತೋಳು ಬಿಗಿದುಕೊಳ್ಳದಿರಲಿ ಎಂದು ಮಾಡುವ ವ್ಯಾಯಾಮ. ಹೊಸಬಳನ್ನು ನೋಡಿ ಒಬ್ಬಾಕೆ ಇದು ಜೇಡಗಳ ಸಂಘ, ಬನ್ನಿ ಎಂದು ನಕ್ಕಳು. ಅಲ್ಲಿ ಒಂದೇ ನಿಯಮ. ನಿನಗೆ ಏನಾಯಿತು ಎಂದು ಎಷ್ಟು ಬೇಕಾದರೂ ಹೇಳು. ಇನ್ನೊಬ್ಬಳು ಏನು ಮಾಡಬೇಕು ಎಂದು ಮಾತ್ರ ಹೇಳಬೇಡ.

ಗುಂಪಿನಲ್ಲಿ ಎಲ್ಲರಿಗಿಂತ ಹಳಬರು ಒಬ್ಬ ಬೇಕರಿಯವರು. ದಪ್ಪಗೆ, ಎತ್ತರಕ್ಕೆ, ಮೈದಾಹಿಟ್ಟಿನ ವಾಸನೆಯ ಹೆಂಗಸು. ಎಲ್ಲರೂ ಅವರನ್ನು ಬೇಕರಿಯಮ್ಮ ಎನ್ನುತ್ತಿದ್ದರು. ಅವರಿಗೆ ಗಂಟಿನ ಭಾಗವನ್ನು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟು ಎಷ್ಟೋ ವರ್ಷವಾಗಿತ್ತು. ಕಂಕುಳಿನ ಗ್ರಂಥಿಗಳನ್ನೂ ತೆಗೆದದ್ದರಿಂದ ಒಂದು ತೋಳು ಸ್ವಲ್ಪ ಊದಿಕೊಂಡಿರುತ್ತಿತ್ತು. ಆ ತೋಳಿಗೆ ಬಿಗಿಯಾದ ಉದ್ದ ತೋಳಚೀಲ ಹಾಕಿಕೊಂಡು, ಸುಟ್ಟುಕೊಂಡರೆ ಕೆಡುತ್ತದೆ ಎಂದು ಅದರ ಮೇಲೆ ಮೊಣಕೈ ದಾಟುವ ದಪ್ಪ ಕೈಗವಸು ತೊಟ್ಟು ದಿನಾ ಒಲೆಯ ಮುಂದೆ ನಿಲ್ಲುತ್ತಿದ್ದರು.

ಮೊದಲ ದಿನವೇ ಬೇಕರಿಯಮ್ಮ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ರವಿಕೆ ಬಿಚ್ಚಿ ತೋರಿಸಿದರು. ಕ್ಲಚ್ಚಕ್ಕ ಮನಸ್ಸಿನಲ್ಲಿ ಏನೇನೋ ಚಿತ್ರ ಬಿಡಿಸಿಕೊಂಡಿದ್ದಳು. ಅಲ್ಲಿದ್ದದ್ದು ಒಂದು ಗೆರೆ, ಸ್ವಲ್ಪ ತಗ್ಗು, ಸ್ವಲ್ಪ ಕಪ್ಪಾದ ಚರ್ಮ. ಮುಟ್ಟಲೇ ಎಂದು ಕೇಳಿದಳು. ಮುಟ್ಟಿದಳು. ಅವತ್ತು ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಊಟ ಮಾಡಿದಳು.

ಆಮೇಲೆ ದಿನಾ ಫೋನು. ರೇಡಿಯೇಷನ್ನಿನಲ್ಲಿ ಉರಿಯುತ್ತದೆಯೇ, ಒಳಗೆ ಹೋಗಿ ಒಬ್ಬಳೇ ಮಲಗಬೇಕೇ, ಕೆಲಸ ಮಾಡಲಿಕ್ಕಾಗುತ್ತದೆಯೇ, ನಿಮ್ಮ ಯಜಮಾನರು ಏನೆಂದರು. ಬೇಕರಿಯಮ್ಮ ಹಿಟ್ಟು ನಾದುತ್ತಾ, ಏದುಸಿರು ಬಿಡುತ್ತಾ ಉತ್ತರ ಹೇಳುತ್ತಿದ್ದರು. ಪ್ರತಿ ಉತ್ತರದ ಕೊನೆಗೂ ಇದು ನನ್ನ ಕಥೆ ಕಣಮ್ಮ, ನಿನ್ನದು ಬೇರೆ ಇರಬಹುದು ಎಂದು ಸೇರಿಸುತ್ತಿದ್ದರು. ಕ್ಲಚ್ಚಕ್ಕನ ಕಿವಿಗೆ ಆ ಕೊನೆಯ ಮಾತು ಬೀಳುತ್ತಲೇ ಇರಲಿಲ್ಲ. ಅವರು ಮಾಡಿಸಿಕೊಂಡದ್ದನ್ನೇ ತಾನೂ ಮಾಡಿಸಿಕೊಂಡರೆ ಅವರ ಹಾಗೆಯೇ ಇಷ್ಟು ವರ್ಷ ಗಟ್ಟಿಮುಟ್ಟಾಗಿ ಇರುತ್ತೇನೆ ಎಂದು ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು. ಸ್ವಲ್ಪ ಭಾಗ ಮಾತ್ರ ತೆಗೆಯಿರಿ ಎಂದು ಆಸ್ಪತ್ರೆಗೆ ತಿಳಿಸಿದಳು. ಆಪರೇಷನ್ನಿನ ದಿನವೂ ನಿಗದಿಯಾಯಿತು.

ಅದರ ಹಿಂದಿನ ಶನಿವಾರ ಬೇಕರಿಯಮ್ಮ ಗುಂಪಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಭಾನುವಾರವೂ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಕ್ಲಚ್ಚಕ್ಕ ಪಾಠದ ನಡುವೆಯೇ ಕಲಿಯುವವಳ ಕೈಯಲ್ಲಿ ಬೇಕರಿಯ ಬೀದಿಗೆ ಕಾರು ತಿರುಗಿಸಿದಳು. ಅಂಗಡಿಯಲ್ಲಿ ಬೇಕರಿಯಮ್ಮನ ಸೊಸೆ ಬ್ರೆಡ್ಡು ಕತ್ತರಿಸುತ್ತಿದ್ದಳು. ಅತ್ತೆ ಆಸ್ಪತ್ರೆಗೆ ಹೋಗಿದ್ದಾರೆ ಎಂದಳು. ಏಕೆ ಎಂದು ಕೇಳಿದರೆ, ಅವರೇ ಹೇಳುತ್ತಾರೆ ಎಂದು ತಲೆ ತಗ್ಗಿಸಿದಳು. ಅಲ್ಲಿಂದ ವಾಪಸು ಬರುವಾಗ ಕ್ಲಚ್ಚಕ್ಕ ಕಲಿಯುವವಳಿಗೆ ಒಂದೇ ಒಂದು ಮಾತನ್ನೂ ಹೇಳಲಿಲ್ಲ. ಆ ಹುಡುಗಿ ಅವತ್ತು ಮೊದಲ ಬಾರಿಗೆ ಯಾರ ನೆರವೂ ಇಲ್ಲದೆ ಕಾರು ಓಡಿಸಿದಳು, ಅದು ಅವಳಿಗೂ ಗೊತ್ತಾಗಲಿಲ್ಲ.

ಬುಧವಾರ ಸಂಜೆ ಕಾರು ಕಲಿಸುವ ಮೈದಾನದ ಬೇಲಿಯ ಹತ್ತಿರ ಬೇಕರಿಯಮ್ಮ ನಿಂತಿದ್ದರು. ಪಾಠ ಮುಗಿಯುವವರೆಗೂ ಕಾದಿದ್ದು, ಆಮೇಲೆ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಕ್ಲಚ್ಚಕ್ಕ ಮುಂದೆ ಕೂತಿದ್ದಳು; ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಮತ್ತೆ ಬಂದಿದೆ ಕಣಮ್ಮ," ಎಂದರು ಬೇಕರಿಯಮ್ಮ. "ಅದೇ ಕಡೆ. ಗೆರೆ ಪಕ್ಕದಲ್ಲೇ. ನಿನ್ನೆ ರಿಪೋರ್ಟು ಬಂತು. ಈ ಸಲ ಪೂರ್ತಿ ತೆಗೀಬೇಕಂತೆ."

ಕ್ಲಚ್ಚಕ್ಕ ಎಳೆದಿದ್ದ ಹ್ಯಾಂಡ್‌ಬ್ರೇಕನ್ನೇ ಇನ್ನೊಮ್ಮೆ ಎಳೆದಳು.

"ನಿನ್ನ ಆಪರೇಷನ್ ಮುಗೀಲಿ, ಆಮೇಲೆ ಹೇಳೋಣ ಅಂತ ಇದ್ದೆ. ಆದ್ರೆ ನೀನು ನನ್ನನ್ನ ನೋಡ್ಕೊಂಡೇ ಒಪ್ಪಿದ್ದು ಅಂತ ನಂಗೆ ಗೊತ್ತು. ಮುಚ್ಚಿಟ್ರೆ ಮೋಸ ಆಗುತ್ತೆ. ಬೇರೆಯವರ ಬಾಯಿಂದ ಕೇಳಿದ್ರೆ ಇನ್ನೂ ಕೆಟ್ಟದ್ದು."

"ನೀವು ಅವಾಗಲೇ ಪೂರ್ತಿ ತೆಗೆಸಿದ್ರೆ ಬರ್ತಿರಲಿಲ್ವಾ?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಂಗೆ ಅದರ ಬಗ್ಗೆ ಪಶ್ಚಾತ್ತಾಪ ಇಲ್ಲ, ಅದನ್ನೂ ಹೇಳಿಬಿಡ್ತೀನಿ. ಆದ್ರೆ ಭಯ ಇದೆ. ಈ ಸಲ ಬಹಳ ಇದೆ."

ಇಷ್ಟು ಹೇಳಿ ಅವರು ಇಳಿದು ಹೋದರು. ಮನೆಗೆ ಬಿಡುತ್ತೇನೆ ಎಂದರೆ ಬೇಡ ಎಂದರು. ಅವರು ಹೋದ ಮೇಲೆ ಕ್ಲಚ್ಚಕ್ಕನಿಗೆ ಅವರ ಮೇಲೆಯೇ ಸಿಟ್ಟು ಬಂತು. ಏಕೆ ತೋರಿಸಿದರು, ಏಕೆ ಮುಟ್ಟಲು ಬಿಟ್ಟರು, ಇಷ್ಟು ಒಳ್ಳೆಯವರು ಏಕಾಗಿರಬೇಕಿತ್ತು. ಸಿಟ್ಟಿನ ಬೆನ್ನಿಗೇ ನಾಚಿಕೆ. ಅವರಿಗೆ ಒಂದು ಸಮಾಧಾನದ ಮಾತನ್ನೂ ಹೇಳದೆ, ನನ್ನ ಪಾಡನ್ನೇ ಕೇಳಿಕೊಂಡೆನಲ್ಲ ಎಂದು.

ಮರುದಿನ ಪಾಠಗಳನ್ನೆಲ್ಲ ಬಿಟ್ಟು ಸರ್ಜನ್ ಹತ್ತಿರ ಹೋದಳು. ಆಪರೇಷನ್ನಿನ ದಿನ ಸ್ವಲ್ಪ ಮುಂದೆ ಹಾಕಿ, ನಾನು ಮತ್ತೆ ಯೋಚಿಸಬೇಕು ಎಂದಳು. ಅವರು ಬೈಯಲಿಲ್ಲ. ಮೊದಲ ಸಲ ಅವಳು ಕೇಳಿದ್ದು "ನೀವು ಹೇಳಿ" ಎಂಬ ಒಂದೇ ಮಾತು. ಈ ಸಲ ಒಂದೊಂದಾಗಿ ಕೇಳಿದಳು. ಅದೇ ಕಡೆ ಮತ್ತೆ ಬರುವುದು ಎಷ್ಟು ಜನಕ್ಕೆ? ಕೆಲವರಿಗೆ, ಹೆಚ್ಚು ಜನಕ್ಕಲ್ಲ. ಪೂರ್ತಿ ತೆಗೆದರೆ ಬರುವುದೇ ಇಲ್ಲವೇ? ಹಾಗೂ ಹೇಳಲಾಗದು, ಗಾಯದ ಜಾಗದಲ್ಲಿ ಬರುವುದೂ ಉಂಟು, ಆದರೆ ಇನ್ನೂ ಕಡಿಮೆ. ಹಾಗಿದ್ದರೆ ಆಯುಸ್ಸು ಒಂದೇ ಎಂದದ್ದು ಹೇಗೆ? ಅಲ್ಲೇ ಮತ್ತೆ ಬಂದರೂ ಸಾಮಾನ್ಯವಾಗಿ ಚಿಕಿತ್ಸೆಗೆ ಸಿಗುತ್ತದೆ; ಮೈಯ ಬೇರೆ ಕಡೆಗೆ ಹರಡುವುದು ಸ್ತನ ಉಳಿಸಿದ್ದರಿಂದಲೋ ತೆಗೆದದ್ದರಿಂದಲೋ ನಿರ್ಧಾರವಾಗುವುದಿಲ್ಲ. ಬೇಕರಿಯವರ ಕಾಯಿಲೆಯ ಜಾತಿ ಬೇರೆ, ನಿಮ್ಮದು ಬೇರೆ, ಅವರನ್ನು ನೋಡಿ ಹೆದರಬೇಡಿ ಎಂದರು ಸರ್ಜನ್. ಅವರನ್ನು ನೋಡಿ ಧೈರ್ಯ ತಂದುಕೊಂಡದ್ದೂ ಹಾಗಾದರೆ ತಪ್ಪೇ ಎಂದು ಕ್ಲಚ್ಚಕ್ಕ ಕೇಳಿದಳು. ಧೈರ್ಯ ತಂದುಕೊಳ್ಳಿ, ತೀರ್ಮಾನವನ್ನು ಮಾತ್ರ ಅವರಿಂದ ಎರವಲು ತರಬೇಡಿ ಎಂದರು.

ಮನೆಗೆ ಬಂದರೆ ಗಂಡ ಒಂದು ದೊಡ್ಡ ಫ್ರಿಜ್ಜಿನ ಹಿಂಬದಿ ಬಿಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಅವಳೂ ಹೋಗಿ ಎದುರಿಗೆ ಒಂದು ಡಬ್ಬದ ಮೇಲೆ ಕೂತಳು. ಇವತ್ತು ನೀವು ಬಾಯಿ ಬಿಡದಿದ್ದರೆ ನಾನು ಇಲ್ಲಿಂದ ಏಳುವುದಿಲ್ಲ ಎಂದಳು. ಅವನು ಸ್ಪ್ಯಾನರ್ ಕೆಳಗಿಟ್ಟ. ಎಷ್ಟೋ ಹೊತ್ತು ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ನಾನು ಒಂದು ಹೇಳಿ, ಅದು ಎಡವಟ್ಟಾದ್ರೆ? ಜೀವಮಾನ ಪೂರ್ತಿ ಅದನ್ನ ಹೊತ್ಕೊಂಡು ತಿರುಗೋ ಶಕ್ತಿ ನಂಗಿಲ್ಲ ಕಣೇ. ಅದಕ್ಕೇ ಸುಮ್ನಿದ್ದೆ."

"ಹಂಗಾದ್ರೆ ನಾನೊಬ್ಳೇ ಹೊತ್ಕೋಬೇಕು ಅಂತ ಬಿಟ್ರಾ?"

ಅವನು ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡು ಕೆಳಗಿಟ್ಟ. ಆಮೇಲೆ, "ಯಾವುದು ಮಾಡಿಸ್ಕೊಳ್ಳಲಿ ಅಂತ ಕೇಳಬೇಡ. ನಂಗೆ ಏನು ಭಯ ಅಂತ ಕೇಳು, ಹೇಳ್ತೀನಿ" ಎಂದ.

ಕೇಳಿದಳು. ಅವನು ಹೇಳಿದ. ಮದುವೆಯಾದಾಗಿನಿಂದ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದಿಲ್ಲ. ಅವಳ ಮೈ ಹೇಗಿರುತ್ತದೆ ಎಂಬ ಚಿಂತೆ ತನಗಿಲ್ಲ. ಆದರೆ ತಾನು ಚಿಂತೆಯಿಲ್ಲ ಎಂದರೆ ಅವಳಿಗೆ ಅಸಡ್ಡೆಯಾಗಿ ಕೇಳೀತೆಂದು ಹೆದರಿದ್ದ. ರೇಡಿಯೇಷನ್ ಯಂತ್ರ ಇರುವುದು ಪಕ್ಕದ ಊರಿನಲ್ಲಿ, ದಿನಾ ಅಷ್ಟು ದೂರ ಅವಳು ಸೊರಗಿಹೋದಾಳೆಂದು ಹೆದರಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಗೆ ಬಂದ ಮೇಲೆ ಅವಳ ಕೈಗೆ ಹೆದರಿದ್ದ. ನಿನ್ನ ಕೈ ಸುಮ್ಮನೆ ಇರುವುದಿಲ್ಲ, ದಿನಕ್ಕೆ ನೂರು ಸಲ ಮುಟ್ಟಿ ನೋಡುತ್ತೀ, ಪ್ರತಿ ಸಲ ಒಂದು ಗಂಟು ಸಿಕ್ಕಿತು ಎನ್ನುತ್ತೀ ಎಂದ.

ಕ್ಲಚ್ಚಕ್ಕ ಆ ಕೊನೆಯ ಮಾತನ್ನು ಹಿಡಿದುಕೊಂಡು ಎರಡು ದಿನ ಓಡಾಡಿದಳು. ಅವನು ಹೇಳಿದ್ದು ನಿಜ. ತಾನು ಎಂಥವಳು ಎಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬೇಕರಿಯಮ್ಮನಂಥವರು ಒಂದು ಗೆರೆಯ ಜೊತೆ ನಗುನಗುತ್ತಾ ವರ್ಷಗಳನ್ನು ಕಳೆಯಬಲ್ಲರು. ತನ್ನ ಕೈಲಿ ಅದು ಆಗದು. ಉಳಿದ ಅರ್ಧವನ್ನು ಕಾಯುವುದೇ ತನಗೆ ಕಾಯಿಲೆಯಾಗಿಬಿಡುತ್ತದೆ. ಶನಿವಾರ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು. ಮುಖ ತೊಳೆದು ಆಸ್ಪತ್ರೆಗೆ ಫೋನು ಮಾಡಿ, ಪೂರ್ತಿ ತೆಗೆಯಿರಿ ಎಂದಳು.

ಅಕ್ಕನಿಗೆ ಹಿಗ್ಗೋ ಹಿಗ್ಗು. ನಾನು ಮೊದಲೇ ಹೇಳಿರಲಿಲ್ಲವೇ ಎಂದಳು.

"ನೀನು ಹೇಳಿದ್ದಕ್ಕಲ್ಲ ಕಣೇ," ಎಂದಳು ಕ್ಲಚ್ಚಕ್ಕ. "ನೀನು ಹೇಳಿದ್ರೂ ಕೂಡ ಮಾಡಿಸ್ಕೊಳ್ತಿದ್ದೀನಿ."

ಆಪರೇಷನ್ ಆಯಿತು. ಎಚ್ಚರವಾದಾಗ ಎದೆಯ ಮೇಲೆ ಬಿಗಿಯಾದ ಪಟ್ಟಿ, ಪಕ್ಕದಿಂದ ರಸ ಇಳಿಯುವ ಒಂದು ಕೊಳವೆ, ಅದರ ತುದಿಗೆ ಒಂದು ಪುಟ್ಟ ಡಬ್ಬಿ. ಆ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಹೆಗಲಿಗೆ ತೂಗುಹಾಕಿಕೊಂಡು ಓಡಾಡಬೇಕು. ಮಗಳು ಅದಕ್ಕೆ ಅಮ್ಮನ ಪರ್ಸು ಎಂದು ಹೆಸರಿಟ್ಟಳು. ನೋವಿಗಿಂತ ಗ್ರಂಥಿಗಳ ರಿಪೋರ್ಟಿಗೆ ಕಾಯುವುದು ಕಷ್ಟವಾಯಿತು. ಅಲ್ಲಿಗೂ ಹರಡಿದ್ದರೆ ರೇಡಿಯೇಷನ್ನೂ ಬೇಕು, ಇನ್ನೇನೇನೋ ಬೇಕು. ಫೋನು ಗಂಟೆ ಬಾರಿಸಿದರೆ ಮನೆಯ ಮೂವರೂ ಒಬ್ಬರ ಮುಖ ಒಬ್ಬರು ನೋಡುವರು, ಯಾರೂ ಎತ್ತರು. ಒಮ್ಮೆ ಹಾಗೆ ಎತ್ತದೇ ಬಿಟ್ಟ ಫೋನು ಆಸ್ಪತ್ರೆಯದೇ ಆಗಿತ್ತು. ಮತ್ತೆ ಮಾಡಿ ಕೇಳಿದರೆ, ಹರಡಿಲ್ಲ ಎಂದರು. ಕ್ಲಚ್ಚಕ್ಕ ಇನ್ನೊಮ್ಮೆ ಹೇಳಿ ಎಂದಳು. ಹರಡಿಲ್ಲ. ಇನ್ನೊಮ್ಮೆ ಹೇಳಿಸಲು ನಾಚಿಕೆಯಾಗಿ ಫೋನನ್ನು ಗಂಡನ ಕೈಗೆ ಕೊಟ್ಟಳು, ಅವನಾದರೂ ಕೇಳಲಿ ಎಂದು.

ಆ ಸಂತೋಷ ಅರ್ಧ ದಿನವೂ ಉಳಿಯಲಿಲ್ಲ. ಸಂಜೆ ಬೇಕರಿಯಮ್ಮನ ಸೊಸೆ ಮನೆ ಹುಡುಕಿಕೊಂಡು ಬಂದಳು. ಅತ್ತೆಯ ಆಪರೇಷನ್ ಮುಂದಿನ ವಾರ ಎಂದು ಗೊತ್ತಾಗಿದೆ, ಆದರೆ ಅವರು ಒಲ್ಲೆ ಎನ್ನುತ್ತಿದ್ದಾರೆ. ಸರ್ಜನ್ ಬಾ ಎಂದರೂ ಹೋಗುತ್ತಿಲ್ಲ. ಗುಂಪಿನವರ ಫೋನು ಎತ್ತುತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸ್ಕತ್ತು ಮಾಡುತ್ತಾರೆ, ಯಾರೂ ಕೊಳ್ಳದಷ್ಟು ಬಿಸ್ಕತ್ತು.

ಕೊಳವೆ ತೆಗೆದ ಮರುದಿನವೇ ಕ್ಲಚ್ಚಕ್ಕ ಹೊರಟಳು. ಅವಳಿನ್ನೂ ಕಾರು ಓಡಿಸುವಂತಿರಲಿಲ್ಲ, ಗಂಡ ಓಡಿಸಿದ. ಅವನ ಓಡಿಸುವಿಕೆ ಅವಳಿಗೆ ಎಂದೂ ಸರಿಬಂದದ್ದಲ್ಲ. ಎದೆಗೂ ಬೆಲ್ಟಿಗೂ ನಡುವೆ ದಿಂಬು ಒತ್ತಿಕೊಂಡು, ಮನೆಯ ಕಾರಿನಲ್ಲಿ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತಿದಳು. ನೀನು ಹೀಗೆ ಒತ್ತಿದರೆ ನೆಲ ತೂತಾಗುತ್ತದೆ ಎಂದ ಅವನು. ನಕ್ಕರೆ ಹೊಲಿಗೆ ನೋಯುತ್ತದೆ, ಸುಮ್ಮನೆ ರಸ್ತೆ ನೋಡಿ ಎಂದಳು.

ಬೇಕರಿಯಮ್ಮ ಒಲೆಯ ಮುಂದಿದ್ದರು. ಕೈಗವಸು ಹಾಕಿರಲಿಲ್ಲ. ಊದಿದ ತೋಳಿನ ಮೇಲೆ ಒಂದು ಕಡೆ ಸುಟ್ಟ ಕೆಂಪು ಗುರುತಿತ್ತು. ಕ್ಲಚ್ಚಕ್ಕನನ್ನು ನೋಡಿ ಬಾ, ಕೂತ್ಕೋ, ಚಹಾ ಕುಡಿ ಎಂದರು, ಗ್ರಾಹಕರಿಗೆ ಹೇಳುವ ದನಿಯಲ್ಲಿ. ಅವಳು ಕೂರಲಿಲ್ಲ. ಹಿಟ್ಟಿನ ಮೂಟೆಗಳಿದ್ದ ಉಗ್ರಾಣಕ್ಕೆ ಅವರ ಕೈ ಹಿಡಿದು ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದಳು. ಒಂದು ತೋಳು ಇನ್ನೂ ಬಿಗಿಯಿದ್ದು ಅದಕ್ಕೆ ಬಹಳ ಹೊತ್ತು ಹಿಡಿಯಿತು. ಬೇಕರಿಯಮ್ಮ ಬೇಡ ಎನ್ನಲಿಲ್ಲ, ಸಹಾಯವನ್ನೂ ಮಾಡಲಿಲ್ಲ.

ಆಮೇಲೆ ನೋಡಿದರು. ಸಮತಟ್ಟಾದ ಎದೆ, ಅದರ ಅಡ್ಡಕ್ಕೆ ಹೊಸ ಗೆರೆ, ಸುತ್ತ ಇನ್ನೂ ಇಳಿಯದ ಬಾವು.

"ಮುಟ್ಟಲಾ?" ಎಂದರು.

"ಮುಟ್ಟಿ. ಅಲ್ಲಿ ಏನೂ ಗೊತ್ತಾಗಲ್ಲ, ಮರಗಟ್ಟಿದೆ. ಇಲ್ಲಿ ಗೊತ್ತಾಗುತ್ತೆ. ಕೇಳಿ, ಏನ್ ಬೇಕಾದ್ರೂ ಕೇಳಿ."

ಬೇಕರಿಯಮ್ಮ ಮೂಟೆಯ ಮೇಲೆ ಕೂತರು. ಇಷ್ಟು ವರ್ಷ ಎಷ್ಟೋ ಹೆಂಗಸರಿಗೆ ಧೈರ್ಯ ಹೇಳಿದೆ, ಈಗ ನನಗೆ ಧೈರ್ಯವಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಆ ಕೋಣೆಗೆ ಹೋಗಲಿ ಎಂದರು. ನನ್ನನ್ನು ನೋಡಿದರೆ ಅಲ್ಲಿರುವವರೆಲ್ಲ ಹೆದರುತ್ತಾರೆ ಎಂದರು. ಕ್ಲಚ್ಚಕ್ಕ ಹೌದು, ಹೆದರುತ್ತಾರೆ ಎಂದಳು. ನಾನೂ ಹೆದರಿದೆ. ಹೆದರಿಕೊಂಡೇ ಡಾಕ್ಟರ ಹತ್ತಿರ ಹೋಗಿ ಮೊದಲೇ ಕೇಳಬೇಕಾದದ್ದನ್ನು ಕೇಳಿದೆ. ನೀವು ಹೇಳದೆ ಮುಚ್ಚಿಟ್ಟಿದ್ದರೆ ಈ ಗೆರೆ ನನ್ನದಾಗಿರುತ್ತಿರಲಿಲ್ಲ, ನಿಮ್ಮದೇ ಆಗಿರುತ್ತಿತ್ತು ಎಂದಳು.

ಬೇಕರಿಯಮ್ಮ ಅತ್ತರು. ಮೈದಾ ಮೆತ್ತಿದ ಕೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡರು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಕೊಳವೆ ಎಳೆಯುವಾಗ ನೋಯುತ್ತದೆಯೇ. ಮಗ್ಗುಲಾಗಿ ಮಲಗಲಿಕ್ಕಾಗುತ್ತದೆಯೇ. ಮೊದಲ ಸಲ ನೋಡಿಕೊಂಡಾಗ ಹೇಗಾಯಿತು. ಕ್ಲಚ್ಚಕ್ಕ ಎಲ್ಲಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೊದಲ ಸಲ ನೋಡಿಕೊಂಡಾಗ ತಲೆ ತಿರುಗಿತು, ಗಂಡ ಹಿಡಿದುಕೊಂಡರು ಎಂದಳು. ಪ್ರತಿ ಉತ್ತರದ ಕೊನೆಗೂ, ಇದು ನನ್ನ ಕಥೆ, ನಿಮ್ಮದು ಬೇರೆ ಇರಬಹುದು ಎಂದು ಸೇರಿಸಿದಳು. ಆ ಮಾತಿನ ಬೆಲೆ ಈಗ ಅವಳಿಗೆ ತಿಳಿದಿತ್ತು.

ಬೇಕರಿಯಮ್ಮ ಆಪರೇಷನ್ ಮಾಡಿಸಿಕೊಂಡರು. ಅವರ ಕಾಯಿಲೆಗೆ ಅದಷ್ಟೇ ಸಾಲದೆ ತಿಂಗಳುಗಟ್ಟಲೆ ಕೀಮೋ ಬೇಕಾಯಿತು. ಬಹಳ ಬಡವಾದರು. ಒಲೆಯ ಕೆಲಸವನ್ನು ಸೊಸೆಗೆ ಬಿಟ್ಟು ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವುದು ಅಭ್ಯಾಸ ಮಾಡಿಕೊಂಡರು, ಕೂತಲ್ಲಿಂದಲೇ ಸೊಸೆಯ ಪ್ರತಿಯೊಂದು ಬನ್ನಿಗೂ ತಕರಾರು ತೆಗೆಯುವುದನ್ನೂ. ಶನಿವಾರ ಗುಂಪಿಗೆ ಬರುತ್ತಾರೆ. ಮೊದಲಿನಷ್ಟು ನಗುವುದಿಲ್ಲ. ಆದರೆ ಅವರ ಪಕ್ಕದ ಕುರ್ಚಿಯೇ ಮೊದಲು ತುಂಬುತ್ತದೆ.

ಕ್ಲಚ್ಚಕ್ಕ ಮತ್ತೆ ಕಾರು ಕಲಿಸತೊಡಗಿದಳು. ಒಳಉಡುಪಿನ ಒಂದು ಬದಿಗೆ ಬಟ್ಟೆಯ ಮೆತ್ತೆ ಇಟ್ಟುಕೊಳ್ಳುತ್ತಾಳೆ, ಸೆಖೆಯಾದರೆ ಅದನ್ನು ತೆಗೆದು ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಾಕಿಬಿಡುತ್ತಾಳೆ. ಒಮ್ಮೆ ಕಲಿಯುವವನೊಬ್ಬ ಲೈಸೆನ್ಸು ಇಡಲು ಆ ಡಬ್ಬಿ ತೆರೆದು, ಇದೇನು ಮೇಡಂ ಗಾಜು ಒರೆಸುವುದೇ ಎಂದು ಕೇಳಿದ. ಹೂಂ, ಆದರೆ ನೀನು ಒರೆಸಬೇಡ ಎಂದಳು. ಮಾತ್ರೆ ನುಂಗುತ್ತಾಳೆ, ಅದರಿಂದ ಮೈ ಕೈ ನೋವು, ಆಗಾಗ ಮೈಯೆಲ್ಲ ಬಿಸಿಯೇರಿ ಬೆವರುವುದು. ತೆಗೆಸಿದ್ದಕ್ಕೆ ದುಃಖವಿಲ್ಲವೇ ಎಂದರೆ ಇದೆ ಎನ್ನುತ್ತಾಳೆ. ತಪ್ಪು ಮಾಡಿದೆ ಅನಿಸುತ್ತದೆಯೇ ಎಂದರೆ ಇಲ್ಲ ಎನ್ನುತ್ತಾಳೆ.

ಹೋದ ವರ್ಷ ಗುಂಪಿಗೆ ಒಬ್ಬ ಶಿಶುವಿಹಾರದ ಟೀಚರ್ ಬಂದಳು. ಚಿಕ್ಕ ವಯಸ್ಸು. ಅವಳಿಗೂ ಅದೇ ಎರಡು ದಾರಿ. ಬಂದ ದಿನವೇ ಕ್ಲಚ್ಚಕ್ಕನನ್ನು ಮೂಲೆಗೆ ಕರೆದು, ನಾನು ಏನು ಮಾಡಲಿ ಎಂದು ಕೇಳಿದಳು. ಆ ಕಣ್ಣುಗಳಲ್ಲಿದ್ದ ಆಸೆ ನೋಡಿ ಕ್ಲಚ್ಚಕ್ಕನಿಗೆ ಒಂದು ಕ್ಷಣ ಹೇಳಿಬಿಡೋಣ ಅನಿಸಿತು. ಬದಲಿಗೆ, ನಿನಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದು ಎಂದು ಕೇಳಿದಳು. ಮಾತು ಒಂದು ತಾಸು ಹಿಡಿಯಿತು. ಟೀಚರ್ ಸ್ವಲ್ಪ ಭಾಗ ಮಾತ್ರ ತೆಗೆಸುವುದನ್ನು ಆರಿಸಿಕೊಂಡಳು. ಮೈ ಇದ್ದ ಹಾಗೆ ಇರಬೇಕು ಎಂಬುದು ಅವಳಿಗೆ ಮುಖ್ಯವಾಗಿತ್ತು, ಕಾಯುವ ತಾಳ್ಮೆಯೂ ಇತ್ತು. ಮನೆಗೆ ಬಂದ ಕ್ಲಚ್ಚಕ್ಕನಿಗೆ ಊಟ ಸೇರಲಿಲ್ಲ. ಆ ಹುಡುಗಿಗೆ ಮತ್ತೆ ಬಂದರೆ ಎಂಬ ಯೋಚನೆಯನ್ನು ಒತ್ತಿ ಒತ್ತಿ ಕೆಳಗಿಟ್ಟಳು. ರೇಡಿಯೇಷನ್ ಶುರುವಾದಾಗ, ಪಾಠವಿಲ್ಲದ ದಿನಗಳಲ್ಲಿ ಡ್ರೈವಿಂಗ್ ಶಾಲೆಯ ಕಾರಿನಲ್ಲೇ ಅವಳನ್ನು ಪಕ್ಕದ ಊರಿಗೆ ಕರೆದುಕೊಂಡು ಹೋದಳು. ಕಲಿಯುವವರ ಬೋರ್ಡು ನೋಡಿ ಲಾರಿಗಳು ಕೂಡ ದೂರ ಸರಿಯುತ್ತಿದ್ದವು.

ಅಂಥ ಒಂದು ದಿನವೇ ಕ್ಲಚ್ಚಕ್ಕನ ವರ್ಷದ ತಪಾಸಣೆಯೂ ಬಂತು. ಉಳಿದ ಸ್ತನದ ಎಕ್ಸ್‌ರೇ ತೆಗೆದ ಮೇಲೆ, ಇನ್ನೊಂದು ತೆಗೆಯಬೇಕು, ಸ್ವಲ್ಪ ಕೂತಿರಿ ಎಂದರು. ಅಷ್ಟೇ ಸಾಕಾಯಿತು. ಅವಳ ಕೈ ಎದೆಯ ಆ ಕಡೆಗೆ ಹೋಯಿತು. ಟೀಚರ್ ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ಹಿಡಿದುಕೊಂಡಳು, ಏನೂ ಆಗಲ್ಲ ಎಂದು ಹೇಳಲಿಲ್ಲ. ಹಾಗೆ ಹೇಳದೆ ಇರುವುದನ್ನು ಅವಳು ಅಷ್ಟರಲ್ಲಿ ಕಲಿತಿದ್ದಳು. ಎದುರಿನ ಗೋಡೆಯ ಫ್ಯಾನು ಕರಕರ ಎನ್ನುತ್ತಿತ್ತು. ಒಳಗೆ ಕರೆದರು, ತೆಗೆದರು, ಮತ್ತೆ ಕೂರಿಸಿದರು. ಕೊನೆಗೆ ಒಬ್ಬರು ಬಂದು, ಮೊದಲನೆಯದು ಅಲುಗಾಡಿತ್ತು, ಅದಕ್ಕೆ, ಏನೂ ಇಲ್ಲ ಎಂದರು.

ಕಾರಿನಲ್ಲಿ ಕೂತ ಮೇಲೂ ಕ್ಲಚ್ಚಕ್ಕನಿಗೆ ಕೀ ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಮುಂದಿನ ವರ್ಷವೂ ಹೀಗೇ ಹೆದರಿಕೆ ಆಗುತ್ತಾ ಅಕ್ಕ?" ಎಂದು ಟೀಚರ್ ಕೇಳಿದಳು.

"ಆಗುತ್ತೆ. ನಿಂಗೂ ಆಗುತ್ತೆ. ಒಂದೇ ದಿನ ಬರೋಣ, ಇಬ್ಬರೂ ಸೇರಿ ಹೆದರ್ಕೊಳ್ಳೋಣ."

ಟೀಚರಿಗೆ ನಗು ಬಂತು. ಕ್ಲಚ್ಚಕ್ಕ ಗಂಡನಿಗೆ ಫೋನು ಮಾಡಿ ಏನೂ ಇಲ್ಲವಂತೆ ಎಂದಳು. ಅವನು ಇನ್ನೊಮ್ಮೆ ಹೇಳು ಎಂದ. ಹೇಳಿದಳು. ಆಮೇಲೆ ಕನ್ನಡಿ ಸರಿಮಾಡಿಕೊಂಡು, ಹಿಂದೆ ಬರುತ್ತಿದ್ದ ಬಸ್ಸು ಮುಂದೆ ಹೋಗಲು ಬಿಟ್ಟು, ಕಾರನ್ನು ರಸ್ತೆಗೆ ಇಳಿಸಿದಳು.